ಗೇಣಿಯಿಲ್ಲದ ಹಾಡು

ಅಂಕೋಲಾ ತಾಲ್ಲೂಕಿನ ಬಡಿಗೇರಿಯನ್ನು ಹೊರಗಿನವರು ಗುರುತಿಸುವುದೇ ಸುಕ್ರಜ್ಜಿಯ ಊರೆಂದು. ಕೊರಳ ತುಂಬ ಕರಿಮಣಿ ಸರ, ಹೆಗಲಿಗೆ ಗಂಟು ಹಾಕಿದ ಸೀರೆ, ಬಾಯಿ ತೆರೆದರೆ ಮುಗಿಯದ ಹಾಡು. ಸುಕ್ರಜ್ಜಿ ಎಂದರೆ ಸುಕ್ರಿ ಬೊಮ್ಮಗೌಡ; ಹಾಡು ಕಲಿತದ್ದು ಅವ್ವನಿಂದ. ಚಿಕ್ಕವರಿದ್ದಾಗಲೇ ಮದುವೆಯಾಯಿತು. ಹೆತ್ತ ಮಕ್ಕಳು ಉಳಿಯಲಿಲ್ಲ. ಗಂಡನನ್ನೂ ಸಾಕುಮಗನನ್ನೂ ಕುಡಿತ ಬಲಿ ತೆಗೆದುಕೊಂಡಿತು. ಅಜ್ಜಿ ಹಾಡು ಬಿಡಲಿಲ್ಲ. ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ಹೋರಾಟಕ್ಕೂ ಇಳಿದರು. ಮರೆಯಾಗುತ್ತಿದ್ದ ತಾರ್ಲೆ ಕುಣಿತಕ್ಕೆ ಮತ್ತೆ ಜೀವ ಕೊಟ್ಟರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿ, 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದವು.

ಕಾರವಾರದಿಂದ ಹೊನ್ನಾವರದವರೆಗೆ ಕಡಲಿಗೂ ಘಟ್ಟಕ್ಕೂ ನಡುವೆ ಸುಕ್ರಜ್ಜಿ ಸೇರಿದ ಹಾಲಕ್ಕಿ ಸಮುದಾಯದ ಕೊಪ್ಪಗಳಿವೆ, ಅಂದರೆ ಪುಟ್ಟ ಹಳ್ಳಿಗಳು. ಬಹುಪಾಲು ಜನ ತಲೆಮಾರುಗಳಿಂದ ಪರರ ಗದ್ದೆಯಲ್ಲಿ ದುಡಿದವರು. ಗದ್ದೆ ಒಡೆಯರದ್ದು, ಫಸಲಿನ ಪಾಲೂ ಅವರದ್ದು. ಹಾಡಿಗೆ ಮಾತ್ರ ಗೇಣಿ ಇರಲಿಲ್ಲ. ಬರಿಗೈಯಲ್ಲಿ ಬೆಳೆದ ಮಗುವಿಗೂ ನನ್ನದೆನ್ನಲು ಒಂದು ಆಸ್ತಿ ಇತ್ತು.

ಈ ಹಾಡುಗಳನ್ನು ಕಲಿಯುವ ಕ್ರಮವೂ ಮಕ್ಕಳಿಗೆ ಒಗ್ಗುವಂಥದ್ದು. ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿಯುತ್ತಾರೆ. ಅಜ್ಜಿಯ ಪಕ್ಕ ಕೂತ ಪುಟ್ಟ ಹುಡುಗಿ ಅರ್ಧ ಸಾಲು ಹೇಳಿದರೂ ಮೇಳದೊಳಗೇ ಇರುತ್ತಾಳೆ; ಇಲ್ಲಿ ಯಾರೂ ನಪಾಸಾಗುವುದಿಲ್ಲ. ಗಂಡಸರಿಗೆ ಸುಗ್ಗಿ ಕುಣಿತವಿದೆ, ಗುಮಟೆ ಇದೆ. ಗುಮಟೆಯೆಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ವಾದ್ಯ. ಒಂದು ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ವನ್ಯಜೀವಿ ಕಾಯ್ದೆ ಬಂದ ಮೇಲೆ ಆಡಿನ ಚರ್ಮ. ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದ ಏರಿಳಿಸುತ್ತಾರೆ. ಹೆಂಗಸರ ಹಾಡಿಗೆ ಇದಾವುದೂ ಬೇಡ, ಕೊರಳೊಂದೇ ಸಾಕು.

ಟಿವಿ, ಮೊಬೈಲು ಕೊಪ್ಪಕ್ಕೂ ಬಂದಿವೆ. ನಾಟಿ ಗದ್ದೆ ಕಡಿಮೆಯಾದಂತೆ ಹಾಡುವ ಸಂದರ್ಭಗಳೂ ಕರಗುತ್ತಿವೆ. ಸುಕ್ರಜ್ಜಿ 2025ರ ಫೆಬ್ರವರಿ 13ರಂದು ತೀರಿಕೊಂಡರು. ಅವರ ಹಾಡುಗಳನ್ನು ಕಾರವಾರ ಆಕಾಶವಾಣಿ ಧ್ವನಿಮುದ್ರಿಸಿಕೊಂಡಿದೆ. ಆದರೆ ತಪ್ಪಿದ ಸೊಲ್ಲನ್ನು ನಗುತ್ತ ತಿದ್ದಿಕೊಡುವ ಕೆಲಸ ಧ್ವನಿಮುದ್ರಿಕೆಯಿಂದ ಆಗದು. ಅದನ್ನು ಬಲ್ಲ ಅಜ್ಜಿಯರು ಕೊಪ್ಪಗಳಲ್ಲಿ ಇನ್ನೂ ಇದ್ದಾರೆ. ಅಂಕೋಲಾ, ಕಾರವಾರದ ಶಾಲೆಗಳು ವಾರಕ್ಕೊಂದು ಪಿರಿಯಡ್ಡನ್ನು ಅವರಿಗೆ ಬಿಟ್ಟುಕೊಡಲಿ, ತಕ್ಕ ಗೌರವಧನವನ್ನೂ ಕೊಡಲಿ. ಪ್ರಶಸ್ತಿಯ ಚಪ್ಪಾಳೆಗಿಂತ ಈಗ ಬೇಕಿರುವುದು ಇದು.