ಜಪಾನಿನ ಮಕ್ಕಳ ಕೈಗೆ ಸೌಟು

ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಐದನೆಯ ತರಗತಿಗೆ ಕಾಲಿಟ್ಟ ಮಗು, ಗಂಡಾಗಲಿ ಹೆಣ್ಣಾಗಲಿ, ಗಣಿತ, ವಿಜ್ಞಾನಗಳ ಜೊತೆಗೆ ಇನ್ನೊಂದು ವಿಷಯವನ್ನೂ ಕಲಿಯಲೇಬೇಕು. ಅದು ಗೃಹವಿಜ್ಞಾನ. ಹೊಲಿಗೆ, ಮನೆಯ ಸ್ವಚ್ಛತೆಗಳೊಂದಿಗೆ ಅಡುಗೆಯೂ ಅದರಲ್ಲಿ ಸೇರಿದೆ. ಯಾವ ಅಡುಗೆ ಎಂಬುದನ್ನೂ ಸರ್ಕಾರದ ಪಠ್ಯಕ್ರಮವೇ ಹೆಸರಿಸಿದೆ: ಅನ್ನ ಮತ್ತು ಮಿಸೊ ಸಾರು.

ತಾಯಿಯೋ ಅಜ್ಜಿಯೋ ಮನೆಯಲ್ಲಿ ಕಲಿಸುವ ವಿದ್ಯೆಯನ್ನು ಶಾಲೆ ಏಕೆ ಕಲಿಸಬೇಕು? ಉತ್ತರ ಆ ದೇಶದ ಈಚಿನ ಇತಿಹಾಸದಲ್ಲಿದೆ. ಮನೆಯಡುಗೆ ತಾನಾಗಿಯೇ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹರಿದುಬರುತ್ತದೆ ಎಂಬ ನಂಬಿಕೆ ಅಲ್ಲಿ ಅಲುಗಾಡಿತು.

ಅನ್ನದುಂಡೆಯಿಂದ ಬ್ರೆಡ್ಡಿಗೆ

ಜಪಾನಿನಲ್ಲಿ ಶಾಲಾ ಊಟ ಆರಂಭವಾದದ್ದು 1889ರಲ್ಲಿ. ಯಮಗಾತ ಪ್ರಾಂತ್ಯದ ತ್ಸುರುವೊಕ ಪಟ್ಟಣದಲ್ಲಿ ಬೌದ್ಧ ದೇವಾಲಯವೊಂದರ ಶಾಲೆ ಬಡ ಮಕ್ಕಳಿಗೆ ಅನ್ನದುಂಡೆ, ಸುಟ್ಟ ಉಪ್ಪುಮೀನು, ಉಪ್ಪಿನಕಾಯಿ ಕೊಡತೊಡಗಿತು. ಮನೆಯಲ್ಲಿ ಉಣ್ಣುತ್ತಿದ್ದದ್ದೇ ಶಾಲೆಯಲ್ಲೂ ಸಿಕ್ಕಿತು.

ಎರಡನೆಯ ಮಹಾಯುದ್ಧ ಇದನ್ನು ಬದಲಿಸಿತು. 1945ರ ಸೋಲಿನ ನಂತರ ದೇಶ ಹಸಿವಿನಿಂದ ತತ್ತರಿಸುತ್ತಿದ್ದಾಗ ಶಾಲಾ ಊಟ ಮತ್ತೆ ಶುರುವಾದದ್ದು ವಿದೇಶಿ ನೆರವಿನಿಂದ. ಅಮೆರಿಕದ ಹಾಲಿನ ಪುಡಿ ಬಂತು. 1950ರಿಂದ ದೊಡ್ಡ ನಗರಗಳಲ್ಲಿ ಅಮೆರಿಕದ ಗೋಧಿಯ ಬ್ರೆಡ್ಡು ಬಂತು. 1954ರಲ್ಲಿ ಶಾಲಾ ಊಟದ ಕಾನೂನು ಜಾರಿಯಾಯಿತು. ಅನ್ನ ಅಧಿಕೃತವಾಗಿ ಶಾಲೆಯ ತಟ್ಟೆಗೆ ಮರಳಿದ್ದು 1976ರಲ್ಲಿ. ಅಷ್ಟರಲ್ಲಿ ಒಂದು ಇಡೀ ತಲೆಮಾರು ಮಧ್ಯಾಹ್ನ ಬ್ರೆಡ್ಡು ತಿಂದೇ ಬೆಳೆದಿತ್ತು. ಆ ನೆರವು ಮಕ್ಕಳ ಪ್ರಾಣ ಉಳಿಸಿತು, ನಾಲಗೆಯನ್ನೂ ಬದಲಿಸಿತು. 1962ರಲ್ಲಿ ಜಪಾನೀಯನೊಬ್ಬ ವರ್ಷಕ್ಕೆ ಸರಾಸರಿ 118 ಕಿಲೊ ಅಕ್ಕಿ ಉಣ್ಣುತ್ತಿದ್ದರೆ, 2020ರ ವೇಳೆಗೆ ಅದು ಅರ್ಧಕ್ಕಿಂತ ಕೆಳಗಿಳಿದಿತ್ತು. ಅಂಗಡಿಯ ಸಿದ್ಧ ಆಹಾರ, ಹೊರಗೆ ದುಡಿಯುವ ತಂದೆತಾಯಿ, ಒಬ್ಬೊಬ್ಬರೇ ಕುಳಿತು ಉಣ್ಣುವ ಮಕ್ಕಳು – ಇವೆಲ್ಲ ಸೇರಿ ಅಡುಗೆಮನೆಯ ಪಾಠ ಕ್ಷೀಣಿಸಿತು.

ಒಂದು ಸಾರು, ಮೂರು ಪದಾರ್ಥ

ಜಪಾನೀ ಊಟವೆಂದರೆ ಹಸಿ ಮೀನಿನ ಸುಶಿ ಎಂದು ನಮ್ಮಲ್ಲಿ ಹಲವರ ಕಲ್ಪನೆ. ಮನೆಯ ನಿತ್ಯದ ಊಟ ಅದಲ್ಲ. ಅನ್ನ, ಉಪ್ಪಿನಕಾಯಿಯ ಜೊತೆಗೆ ಒಂದು ಸಾರು, ಮೂರು ಪದಾರ್ಥ ಎಂಬುದು ಅದರ ಹಳೆಯ ಸೂತ್ರ. ಮೀನೋ ತೋಫುವೋ ಒಂದು, ತರಕಾರಿಯವು ಎರಡು.

ಸಾರಿನ ಆಧಾರ ‘ದಾಶಿ’ ಎಂಬ ತಿಳಿನೀರು. ಕೊಂಬು ಎಂಬ ಒಣಗಿದ ಕಡಲ ಪಾಚಿಯನ್ನು ನೀರಿನಲ್ಲಿ ನೆನೆಸಿ, ಕಾಯಿಸಿ, ಕುದಿ ಬರುವ ಮುನ್ನ ತೆಗೆಯುತ್ತಾರೆ. ಒಣಗಿಸಿ ಹೆರೆದ ಬೊನಿಟೊ ಮೀನಿನ ಚೂರು ಹಾಕಿ ಸೋಸುತ್ತಾರೆ. ಬೌದ್ಧ ಮಠಗಳ ಸಸ್ಯಾಹಾರಿ ಅಡುಗೆಯಲ್ಲಿ ಮೀನಿನ ಬದಲು ಒಣ ಅಣಬೆ. ಕೊಂಬುವಿನ ರುಚಿಯ ಗುಟ್ಟು ಗ್ಲುಟಮೇಟ್ ಎಂದು 1908ರಲ್ಲಿ ಕಂಡುಹಿಡಿದ ವಿಜ್ಞಾನಿ ಕಿಕುನಾಯೆ ಇಕೆಡ, ಆ ರುಚಿಯನ್ನು ‘ಉಮಾಮಿ’ ಎಂದು ಕರೆದರು.

ಮಿಸೊ ಎಂಬುದು ಬೇಯಿಸಿದ ಸೋಯಾ ಕಾಳಿಗೆ ಉಪ್ಪು ಮತ್ತು ಅಕ್ಕಿಯ ಮೇಲೋ ಬಾರ್ಲಿಯ ಮೇಲೋ ಬೆಳೆಸಿದ ಬೂಸ್ಟು ಸೇರಿಸಿ ತಿಂಗಳುಗಟ್ಟಲೆ ಹುದುಗಿಸಿದ ಮುದ್ದೆ. ದಾಶಿಯಲ್ಲಿ ತರಕಾರಿ ಬೆಂದ ಮೇಲೆ ಕೊನೆಯಲ್ಲಿ ಇದನ್ನು ಕದಡಬೇಕು, ಮತ್ತೆ ಕುದಿಸಬಾರದು. ಕುದಿಸಿದರೆ ಪರಿಮಳ ಹೋಗುತ್ತದೆ.

ಮಕ್ಕಳಿಗೆ ಇದೇ ಮೊದಲ ಪಾಠವಾಗಲು ಕಾರಣವಿದೆ. ಅಳತೆ, ಹೆಚ್ಚುವುದು, ಉರಿಯ ಹದ, ಕಾಯುವ ತಾಳ್ಮೆ – ಎಲ್ಲವೂ ಒಂದು ಬಟ್ಟಲು ಸಾರಿನಲ್ಲಿ ಅಡಗಿವೆ. ಚಾಕು ಹಿಡಿಯುವಾಗ ಇನ್ನೊಂದು ಕೈಯ ಬೆರಳುಗಳನ್ನು ಬೆಕ್ಕಿನ ಪಂಜದಂತೆ ಒಳಕ್ಕೆ ಮಡಚಬೇಕೆಂದು ಹೇಳಿಕೊಡುತ್ತಾರೆ. ಚಾಕುವನ್ನು ಮುಚ್ಚಿಡುವುದಕ್ಕಿಂತ ಹಿಡಿಯುವುದನ್ನು ಕಲಿಸುವುದು ಮೇಲು ಎಂಬುದು ಇಲ್ಲಿನ ವಿಚಾರ.

ಕಾನೂನಿನ ಆಸರೆ

2005ರಲ್ಲಿ ಜಪಾನಿನ ಸಂಸತ್ತು ‘ಶೊಕುಇಕು’, ಅಂದರೆ ಆಹಾರ ಶಿಕ್ಷಣದ ಮೂಲ ಕಾಯಿದೆಯನ್ನು ಅಂಗೀಕರಿಸಿತು. ಬುದ್ಧಿ, ನೀತಿ, ದೇಹಗಳ ಶಿಕ್ಷಣಕ್ಕೆ ಆಹಾರ ಶಿಕ್ಷಣವೇ ತಳಹದಿ ಎಂದು ಅದು ಸಾರಿತು. ಅದೇ ವರ್ಷ ಶಾಲೆಗಳಲ್ಲಿ ಪೌಷ್ಟಿಕಾಂಶ ಶಿಕ್ಷಕರ ವ್ಯವಸ್ಥೆ ಬಂತು. ಬಿಳಿ ಅಂಗಿ, ಟೋಪಿ ತೊಟ್ಟ ಮಕ್ಕಳೇ ಸರದಿಯ ಮೇಲೆ ಸಹಪಾಠಿಗಳಿಗೆ ಬಡಿಸುವುದೂ, ಶಿಕ್ಷಕರು ಅವರೊಂದಿಗೇ ಕುಳಿತು ಉಣ್ಣುವುದೂ ಪಾಠದ ಭಾಗವೇ. 2013ರಲ್ಲಿ ಯುನೆಸ್ಕೊ ಜಪಾನೀ ಆಹಾರ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಕಾನೂನು ಸೌಟು ಹಿಡಿಯುವುದಿಲ್ಲ. ಕಾಯಿದೆಗೂ ಮೊದಲೇ, 2001ರಲ್ಲಿ, ಕಗಾವ ಪ್ರಾಂತ್ಯದ ತಕಿನೊಮಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ ಕಜುವೊ ತಕೆಶಿತ ‘ಬುತ್ತಿಯ ದಿನ’ ಆರಂಭಿಸಿದ್ದರು. ಐದು ಮತ್ತು ಆರನೆಯ ತರಗತಿಯ ಮಕ್ಕಳು ಆ ದಿನ ತಮ್ಮ ಬುತ್ತಿಯನ್ನು ತಾವೇ ತರಬೇಕು. ಏನು ಮಾಡಬೇಕೆಂದು ಯೋಚಿಸುವುದು, ಸಾಮಾನು ಕೊಳ್ಳುವುದು, ಬೇಯಿಸುವುದು, ಡಬ್ಬಿಗೆ ತುಂಬುವುದು, ಪಾತ್ರೆ ತೊಳೆಯುವುದು ಎಲ್ಲ ಅವರದೇ. ತಂದೆತಾಯಿಗಳಿಗೆ ಇದ್ದದ್ದು ಒಂದೇ ಷರತ್ತು: ಕೈಹಾಕಬಾರದು. ಆ ಪದ್ಧತಿ ಮುಂದೆ ದೇಶದ ಅನೇಕ ಶಾಲೆಗಳಿಗೆ ಹಬ್ಬಿತು.

ತಾಯಿ ಬಿಟ್ಟುಹೋದ ಆಸ್ತಿ

ಇದರ ಹಿಂದಿನ ತುರ್ತನ್ನು ಒಂದು ಪುಸ್ತಕ ಇಡೀ ಜಪಾನಿಗೆ ಮನಗಾಣಿಸಿತು. 2012ರಲ್ಲಿ ಪ್ರಕಟವಾಗಿ, 2015ರಲ್ಲಿ ಚಲನಚಿತ್ರವೂ ಆದ ಆ ಕೃತಿಯ ಹೆಸರು ‘ಹಾನಾಳ ಮಿಸೊ ಸಾರು’. ಸ್ತನ ಕ್ಯಾನ್ಸರಿಗೆ ತುತ್ತಾದ ಯುವತಿಯೊಬ್ಬಳು, ತನಗೆ ಹೆಚ್ಚು ದಿನವಿಲ್ಲವೆಂದು ತಿಳಿದು, ತನ್ನ ಪುಟ್ಟ ಮಗಳಿಗೆ ಮಿಸೊ ಸಾರು ಮಾಡುವುದನ್ನು ಕಲಿಸಿದಳು. 2008ರಲ್ಲಿ ಆಕೆ ತೀರಿಕೊಂಡಾಗ ಮಗಳಿಗೆ ಐದು ವರ್ಷ. ಆಮೇಲೆ ತಂದೆಗೂ ತನಗೂ ಸಾರು ಮಾಡಿದ್ದು ಆ ಮಗುವೇ. ಇದು ನಡೆದ ಸಂಗತಿ, ಕಟ್ಟಿದ ಕಥೆಯಲ್ಲ.

ತನ್ನ ಹೊಟ್ಟೆಯನ್ನು ತಾನೇ ನೋಡಿಕೊಳ್ಳುವ ಶಕ್ತಿ ಬಂದರೆ ಮಗು ಬದುಕಿಕೊಳ್ಳುತ್ತದೆ ಎಂಬುದಷ್ಟೇ ಆ ತಾಯಿಯ ಲೆಕ್ಕವಾಗಿತ್ತು. ಪಠ್ಯಕ್ರಮ, ಕಾಯಿದೆ, ಬುತ್ತಿಯ ದಿನ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಾವು ಓದು, ಶಿಸ್ತುಗಳ ವಿಷಯದಲ್ಲಿ ಪದೇ ಪದೇ ಹೇಳುತ್ತೇವೆ. ಜಪಾನೀಯರು ಅದನ್ನು ಒಲೆಯ ಮುಂದೆಯೂ ನೆನಪಿಸಿಕೊಂಡಿದ್ದಾರೆ.