ಪಾತ್ರೆ, ಬಿಸಿ ಮತ್ತು ಆಹಾರ: ಮಂಡ್ಯ ಸೀಮೆಯ ಅಡುಗೆಮನೆಯ ಒಂದು ಪ್ರಶ್ನೆ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುದುತ್ಪಾದನೆಯು ಆರಂಭವಾದಾಗ ಆ ಶಕ್ತಿಯು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಇಂದು ಅದೇ ಸೀಮೆಯ ಮನೆಗಳಲ್ಲಿ ಮೈಕ್ರೋವೇವ್ ಒಲೆಯು ಕಾಣಸಿಗುತ್ತದೆ. ಒಲೆಯೊಡನೆ ಪಾತ್ರೆಯೂ ಬದಲಾಯಿತು. ಪಾತ್ರೆಯು ಆಹಾರಕ್ಕೆ ಏನನ್ನು ಸೇರಿಸುತ್ತದೆ ಎಂಬ ಪ್ರಶ್ನೆ ಮಾತ್ರ ಹಳೆಯದು.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳ ಪಾತ್ರೆಯಲ್ಲಿ ಹುಣಿಸೆಯ ಸಾರನ್ನಾಗಲಿ ಮಜ್ಜಿಗೆಯನ್ನಾಗಲಿ ಇಡಬಾರದೆಂಬುದು ಮನೆಮನೆಯ ನಿಯಮವಾಗಿದ್ದಿತು. ಹುಳಿಯು ಲೋಹವನ್ನು ಕರಗಿಸಿ ಕಿಲುಬನ್ನುಂಟುಮಾಡುವುದೇ ಇದಕ್ಕೆ ಕಾರಣ. ಅಲ್ಲಿ ಹುಳಿಯು ಮಾಡುತ್ತಿದ್ದ ಕೆಲಸವನ್ನು ಪ್ಲಾಸ್ಟಿಕ್ಕಿನಲ್ಲಿ ಮುಖ್ಯವಾಗಿ ಬಿಸಿಯೂ ಜಿಡ್ಡೂ ಮಾಡುತ್ತವೆ. ಪ್ಲಾಸ್ಟಿಕ್ಕಿಗೆ ಬೆರೆಸಿದ ಕೆಲವು ರಾಸಾಯನಿಕಗಳು ಬಿಸಿಯಿಂದ ಸಡಿಲಗೊಂಡು ಜಿಡ್ಡಿನಲ್ಲಿ ಸುಲಭವಾಗಿ ಸೇರಿಕೊಳ್ಳುತ್ತವೆ.

ಮೈಕ್ರೋವೇವ್ ಅಲೆಗಳು ಬಹುಮಟ್ಟಿಗೆ ಪ್ಲಾಸ್ಟಿಕ್ಕನ್ನು ಹಾದುಹೋಗಿ ಆಹಾರದಲ್ಲಿನ ನೀರನ್ನು ಕಾಯಿಸುತ್ತವೆ. ಪಾತ್ರೆಯು ಕಾಯುವುದು ಆಹಾರದ ಬಿಸಿಯಿಂದ. ನೀರು ಹೆಚ್ಚಿರುವ ಅನ್ನದ ಬಿಸಿಯು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಎಣ್ಣೆಯಲ್ಲಿ ಕರಿದ ಮದ್ದೂರು ವಡೆಯೂ ಮಂಡ್ಯದ ಬೆಲ್ಲದ ಪಾಕವೂ ಆ ಮಿತಿಯನ್ನು ಮೀರಬಲ್ಲವು.

ಪಾತ್ರೆಯ ತಳದಲ್ಲಿರುವ ತ್ರಿಕೋಣದೊಳಗಿನ ಸಂಖ್ಯೆಯು ಪ್ಲಾಸ್ಟಿಕ್ಕಿನ ಜಾತಿಯನ್ನು ತಿಳಿಸುತ್ತದೆಯೇ ಹೊರತು ಸುರಕ್ಷತೆಯನ್ನಲ್ಲ. ನೀರಿನ ಸೀಸೆಯ 1ನೆಯ ಜಾತಿಯು ಕುದಿಯುವ ನೀರಿನ ಬಿಸಿಗೂ ಮೊದಲೇ ಮೆತ್ತಗಾಗುತ್ತದೆ. ಥರ್ಮೋಕೋಲಿನ 6ನೆಯದು ಸರಿಸುಮಾರು ಆ ಬಿಸಿಯಲ್ಲಿ. ಪಾಲಿಪ್ರೊಪಿಲೀನ್ ಎಂಬ 5ನೆಯದು ಸುಮಾರು 160 ಡಿಗ್ರಿಯವರೆಗೆ ಕರಗದು. ಆದರೂ ಮೈಕ್ರೋವೇವಿಗೆ ಯೋಗ್ಯವೆಂಬ ಗುರುತಿದ್ದಲ್ಲದೆ ಅದನ್ನೂ ಬಳಸತಕ್ಕದ್ದಲ್ಲ. ಗುರುತಿದ್ದ ಮಾತ್ರಕ್ಕೆ ಸಂದೇಹವು ಪೂರ್ಣವಾಗಿ ತೀರಿತೆನ್ನುವಂತೆಯೂ ಇಲ್ಲ: ಇಂಥ ಪಾತ್ರೆಗಳನ್ನು ಕಾಯಿಸಿದಾಗ ಅತಿಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅಪಾರ ಸಂಖ್ಯೆಯಲ್ಲಿ ಹೊರಬೀಳುವುದನ್ನು ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾನಿಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದರು.

ಈ ಸಂಗತಿಯು ಮೈಕ್ರೋವೇವ್ ಉಳ್ಳವರಿಗೆ ಮಾತ್ರ ಸಂಬಂಧಿಸಿದ್ದಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯು 251 ಕಡೆಗಳಲ್ಲಿ ಪರಿಶೀಲಿಸಿದಾಗ 52 ಕಡೆ ಇಡ್ಲಿಯನ್ನು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಬೇಯಿಸುತ್ತಿದ್ದುದು ಕಂಡುಬಂದಿತು. ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯುವ ಕೂಲಿಕಾರನಿಗೂ ವಿದ್ಯಾರ್ಥಿಗೂ ಅಪಾಯವು ಒಂದೇ ಬಗೆಯದು.

ಆದುದರಿಂದ ಆಹಾರವನ್ನು ಗಾಜಿಗೋ ಪಿಂಗಾಣಿಗೋ ಬಗ್ಗಿಸಿ ಮೈಕ್ರೋವೇವಿನಲ್ಲಿ ಕಾಯಿಸುವುದು, ಗೀಚುಬಿದ್ದ ಹಾಗೂ ಬಣ್ಣಗೆಟ್ಟ ಡಬ್ಬಿಯನ್ನು ತ್ಯಜಿಸುವುದು, ಬಿಸಿ ಸಾರನ್ನು ತರಲು ಸ್ಟೀಲಿನ ತೂಕುಪಾತ್ರೆಯನ್ನು ಒಯ್ಯುವುದು ಯುಕ್ತ. ಸ್ಟೀಲನ್ನು ಮಾತ್ರ ಮೈಕ್ರೋವೇವಿನೊಳಗೆ ಇಡಲಾಗದು. ಕಲಾಯಿ ಹಾಕುವವನ ಕೂಗು ನಮ್ಮ ಬೀದಿಗಳಲ್ಲಿ ಅಪರೂಪವಾಗಿರಬಹುದು. ಆ ಕೂಗು ಎಚ್ಚರಿಸುತ್ತಿದ್ದ ವಿವೇಕವು ಅಪರೂಪವಾಗಬಾರದು.