ಕೈಗಡಿಯಾರದ ಗಾಜು ಮತ್ತು ಮರಳಿನ ಕಣ

ಕಲ್ಯಾಣದಿಂದಲೋ ಡೊಂಬಿವಲಿಯಿಂದಲೋ ಬೆಳಗಿನ ಲೋಕಲು ಗಾಡಿಯನ್ನು ಹಿಡಿಯುವ ನಮ್ಮ ಕನ್ನಡ ಬಂಧುಗಳ ಮಣಿಕಟ್ಟಿನ ಮೇಲೆ ಈಗ ಸ್ಮಾರ್ಟ್‌ವಾಚು ರಾರಾಜಿಸುತ್ತಿರುವುದನ್ನು ಯಾರೂ ಕಾಣಬಹುದು. ವಾಶಿಯ ಮಾರುಕಟ್ಟೆಯ ಗುಮಾಸ್ತನೂ ಅದನ್ನು ಕಟ್ಟಿರುವನು. ಥಾಣೆಯ ಹೋಟೆಲಿನ ಸಪ್ಲಾಯರನೂ ಕಟ್ಟಿರುವನು. ಹೊತ್ತನ್ನು ತೋರಿಸುವುದರ ಜೊತೆಗೆ ನಡೆದ ಹೆಜ್ಜೆಗಳನ್ನು ಎಣಿಸುವುದು, ಊರಿನಿಂದ ತಾಯಿಯ ಕರೆ ಬಂದರೆ ಮಣಿಕಟ್ಟನ್ನು ನಡುಗಿಸಿ ಎಚ್ಚರಿಸುವುದು ಮುಂತಾದ ಉಪಕಾರಗಳನ್ನು ಈ ಪುಟ್ಟ ಯಂತ್ರವು ಮಾಡುತ್ತದೆ. ಆದರೆ ಎರಡು ಮೂರು ಸಾವಿರ ರೂಪಾಯಿಗಳನ್ನು ಕೂಡಿಟ್ಟು ಕೊಂಡ ಗಡಿಯಾರದ ಮುಖದ ಮೇಲೆ ಹದಿನೈದೇ ದಿನಗಳಲ್ಲಿ ಗೀರುಗಳು ಮೂಡಿದಾಗ ಆಗುವ ವ್ಯಥೆಯು ಅನುಭವಿಸಿದವರಿಗೇ ಗೊತ್ತು. ಈ ಗೀರು ಬೀಳುವುದೇಕೆ? ಯಾವ ಗಾಜಿಗೆ ಬೀಳುತ್ತದೆ, ಯಾವುದಕ್ಕೆ ಬೀಳುವುದಿಲ್ಲ? ಹೆಚ್ಚಿನ ಬೆಲೆ ಕೊಡುವುದು ಸಾರ್ಥಕವೆ? ದುಡಿದ ಹಣವನ್ನು ಎಣಿಸಿ ವೆಚ್ಚ ಮಾಡುವ ನಮ್ಮ ವಾಚಕರಿಗೆ ಈ ವಿಚಾರವು ಉಪಯುಕ್ತವಾದೀತೆಂದು ಇಲ್ಲಿ ವಿವರಿಸಲಾಗಿದೆ.

ಅಂದಿನ ಗಡಿಯಾರ, ಇಂದಿನ ಗಡಿಯಾರ

ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯು 1961ರಲ್ಲಿ ಆರಂಭವಾಯಿತು. 2016ರಲ್ಲಿ ಸರಕಾರವು ಆ ಸಂಸ್ಥೆಯನ್ನು ಮುಚ್ಚುವ ನಿರ್ಧಾರ ಕೈಗೊಂಡಿತಾದರೂ, ಅಲ್ಲಿ ತಯಾರಾದ ‘ಜನತಾ’ ಗಡಿಯಾರವು ಇಂದಿಗೂ ಅನೇಕ ಮನೆಗಳ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಆ ಗಡಿಯಾರದ ಮೇಲ್ಹೊದಿಕೆಯನ್ನು ನಾವೆಲ್ಲ ಗಾಜೆಂದೇ ಕರೆಯುತ್ತಿದ್ದೆವು. ವಾಸ್ತವದಲ್ಲಿ ಅದು ಗಾಜಲ್ಲ. ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕು. ಅದಕ್ಕೆ ಗೀರು ಬಲು ಬೇಗ ಬೀಳುತ್ತಿತ್ತು. ಆದರೆ ಹಲ್ಲುಜ್ಜುವ ಪೇಸ್ಟನ್ನು ಹಚ್ಚಿ ಮೃದುವಾದ ಬಟ್ಟೆಯಿಂದ ತಿಕ್ಕಿದರೆ ಸಣ್ಣ ಗೀರುಗಳು ಮಾಯವಾಗುತ್ತಿದ್ದವು. ತೀರ ಕೆಟ್ಟರೆ ಬೀದಿಯ ಮೂಲೆಯ ರಿಪೇರಿಯವನು ಹಳೆಯ ಹೊದಿಕೆಯನ್ನು ಕಿತ್ತು ಹೊಸದನ್ನು ಕೂಡಿಸಿಕೊಡುತ್ತಿದ್ದನು.

ಇಂದಿನ ಸ್ಮಾರ್ಟ್‌ವಾಚಿನ ರಚನೆ ಬೇರೆ. ಮೇಲಿನ ಗಾಜು, ಬೆರಳಿನ ಸ್ಪರ್ಶವನ್ನರಿಯುವ ಪದರ, ಚಿತ್ರ ಮೂಡಿಸುವ ಫಲಕ ಇವು ಮೂರೂ ಸಾಮಾನ್ಯವಾಗಿ ಪಾರದರ್ಶಕ ಅಂಟಿನಿಂದ ಒಂದಾಗಿ ಬೆಸೆದಿರುತ್ತವೆ. ಗಾಜನ್ನೊಂದನ್ನೇ ಬದಲಿಸುವುದು ಸುಲಭವಲ್ಲ. ಇಡೀ ಫಲಕವನ್ನೇ ಬದಲಿಸಬೇಕಾಗುತ್ತದೆ. ಅಗ್ಗದ ಗಡಿಯಾರಗಳಲ್ಲಿ ಅದರ ವೆಚ್ಚವು ಹೊಸ ಗಡಿಯಾರದ ಬೆಲೆಗೆ ಹತ್ತಿರವಾಗಿಬಿಡುತ್ತದೆ. ಆದುದರಿಂದ ಅಂದು ಅಲಕ್ಷ್ಯ ಮಾಡಬಹುದಾಗಿದ್ದ ಗೀರು ಇಂದು ಜೇಬಿಗೆ ಭಾರವಾಗಿದೆ.

ಕಾಠಿಣ್ಯದ ಹತ್ತು ಮೆಟ್ಟಿಲುಗಳು

ಯಾವ ವಸ್ತುವು ಯಾವುದನ್ನು ಗೀಚಬಲ್ಲದೆಂಬುದನ್ನು ತಿಳಿಯಲು ಜರ್ಮನಿಯ ಖನಿಜ ಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ ಎಂಬವನು 1812ರಲ್ಲಿ ಹತ್ತು ಮೆಟ್ಟಿಲುಗಳ ಒಂದು ಪಟ್ಟಿಯನ್ನು ರಚಿಸಿದನು. ಮೇಲಿನ ಮೆಟ್ಟಿಲಿನ ಕಲ್ಲು ಕೆಳಗಿನದನ್ನು ಗೀಚುವುದು. ಕೆಳಗಿನದು ಮೇಲಿನದನ್ನು ಗೀಚಲಾರದು. ಇಷ್ಟೇ ಅದರ ಸೂತ್ರ. ಒಂದನೆಯ ಮೆಟ್ಟಿಲಿನಲ್ಲಿ ಟಾಲ್ಕ್ ಇದೆ; ನಮ್ಮ ಬಳಪದ ಕಲ್ಲಿನ ನುಣುಪಿಗೆ ಅದೇ ಕಾರಣ. ಮೂರನೆಯದು ಸುಣ್ಣಕಲ್ಲಿನಲ್ಲಿರುವ ಕ್ಯಾಲ್ಸೈಟ್, ಆರನೆಯದು ಫೆಲ್ಸ್ಪಾರ್, ಏಳನೆಯದು ಬೆಣಚುಕಲ್ಲು, ಎಂಟನೆಯದು ಪುಷ್ಯರಾಗ, ಒಂಬತ್ತನೆಯದು ಕುರುಂದ, ಹತ್ತನೆಯದು ವಜ್ರ. ಮನುಷ್ಯನ ಉಗುರು ಎರಡೂವರೆಯ ಆಸುಪಾಸಿನಲ್ಲಿದೆ.

ಈ ತತ್ತ್ವವು ನಮ್ಮ ಶಿಲ್ಪಿಗಳಿಗೆ ಹೊಸದಲ್ಲ. ಬೇಲೂರು ಹಳೆಬೀಡುಗಳಲ್ಲಿ ಆಭರಣದ ಎಳೆ ಎಳೆಯನ್ನೂ ಬಿಡಿಸಿದ ಕೈಗಳು ಮೆದುವಾದ ಬಳಪದ ಕಲ್ಲನ್ನು ಆರಿಸಿಕೊಂಡವು. 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಗೊಮ್ಮಟನಾದರೋ ಗಟ್ಟಿಯಾದ ಗ್ರಾನೈಟು ಕಲ್ಲಿನವನು. ಅಲ್ಲಿ ಕಾಣುವುದು ವಿಶಾಲವಾದ, ನುಣುಪಾದ ಅಂಗಗಳು. ಕಲ್ಲಿನ ಕಾಠಿಣ್ಯವನ್ನರಿತೇ ಉಳಿಯನ್ನೆತ್ತಬೇಕೆಂಬುದು ಅವರಿಗೆ ತಿಳಿದಿತ್ತು.

ನಿಜವಾದ ವೈರಿ ಯಾರು?

ಗಡಿಯಾರದ ಪ್ಲಾಸ್ಟಿಕು ಈ ಪಟ್ಟಿಯಲ್ಲಿ ಎರಡು ಮೂರರ ಸಮೀಪದಲ್ಲಿದೆ. ಗಾಜುಗಳೆಲ್ಲ ಐದೂವರೆಯಿಂದ ಆರೂವರೆಯೊಳಗೆ ನಿಲ್ಲುತ್ತವೆ. ಮರಳಾದರೋ ಬಹುಪಾಲು ಬೆಣಚುಕಲ್ಲಿನ ಪುಡಿ. ಅದರ ಮೆಟ್ಟಿಲು ಏಳು. ಎಂದಮೇಲೆ ಗಾಜಿನ ವೈರಿಯಾರೆಂಬುದು ಸ್ಪಷ್ಟವಾಯಿತು. ನವಿ ಮುಂಬಯಿಯಲ್ಲಿ ಏಳುತ್ತಿರುವ ಕಟ್ಟಡಗಳ ಧೂಳು, ಸಿಮೆಂಟು ಗಾರೆಯ ಗೋಡೆ, ರಸ್ತೆಯ ಬದಿಯ ಹುಡಿ ಇವೆಲ್ಲದರಲ್ಲಿಯೂ ಮರಳಿನ ಕಣಗಳಿವೆ. ಲೋಕಲು ಗಾಡಿಯ ಉಕ್ಕಿನ ಕಂಬಕ್ಕೆ ಗಡಿಯಾರ ತಾಗಿದುದರಿಂದ ಗೀರು ಬಿತ್ತೆಂದು ಹಲವರು ದೂರುವರು. ಕಂಬದ ಉಕ್ಕು ಗಾಜಿಗಿಂತ ಮೆದು. ಗೀಚಿದ್ದು ಕಂಬಕ್ಕೂ ಗಾಜಿಗೂ ನಡುವೆ ಸಿಕ್ಕಿಕೊಂಡ ಮರಳಿನ ಕಣವಾಗಿರುವ ಸಂಭವವೇ ಹೆಚ್ಚು. ಜೇಬಿನ ನಾಣ್ಯ, ಹಿತ್ತಾಳೆಯ ಬೀಗದ ಕೈ, ಹೋಟೆಲಿನ ಸ್ಟೀಲು ಲೋಟ ಇವುಗಳೂ ಗಾಜಿಗೆ ಅಷ್ಟಾಗಿ ಅಪಾಯಕಾರಿಗಳಲ್ಲ. ಪ್ಲಾಸ್ಟಿಕಿಗೆ ಮಾತ್ರ ಅಪಾಯ ತಪ್ಪಿದ್ದಲ್ಲ.

ಹೋಟೆಲಿನ ಒಳಗೆ ಬಂದರೆ ಸಂಗತಿಯು ಇನ್ನೂ ಸ್ವಾರಸ್ಯಕರವಾಗಿದೆ. ಮುಂಬಯಿ ಕಡೆಯ ಅಡುಗೆ ಕಟ್ಟೆಗಳಿಗೆ ಹಾಸುವ ಕಪ್ಪು ಕಡಪಾ ಕಲ್ಲು ಬಹುಮಟ್ಟಿಗೆ ಸುಣ್ಣಕಲ್ಲಿನ ಜಾತಿಯದು. ಅದು ಗಾಜನ್ನು ಗೀಚುವುದು ಅಪರೂಪ. ಗ್ರಾನೈಟು ಹಾಗಲ್ಲ. ಅದರ ಹಲವು ಬಗೆಗಳಲ್ಲಿ ಬೆಣಚಿನ ಕಣಗಳು ಹುದುಗಿವೆ. ರುಬ್ಬುವ ಯಂತ್ರದ ಕಲ್ಲೂ ಸಾಮಾನ್ಯವಾಗಿ ಅದೇ. ಇನ್ನು ಪಾತ್ರೆ ತಿಕ್ಕುವ ಹಸುರು ಉಜ್ಜುಹಾಳೆ! ಮುಟ್ಟಲು ಮೆತ್ತಗಿರುವ ಆ ಹಾಳೆಗಳಲ್ಲಿ ಅನೇಕಕ್ಕೆ ಅಲ್ಯೂಮಿನಿಯಂ ಆಕ್ಸೈಡಿನ ಹುಡಿಯನ್ನು ಅಂಟಿಸಿರುತ್ತಾರೆ. ಇದು ಒಂಬತ್ತನೆಯ ಮೆಟ್ಟಿಲಿನ ಕುರುಂದವೇ. ಗಡಿಯಾರ ಕೊಳೆಯಾಯಿತೆಂದು ಆ ಹಾಳೆಯಿಂದ ಒಮ್ಮೆ ಒರಸಿದರೆ ಸಾಕು, ಗಾಜಿನ ಕಾಂತಿ ಅಲ್ಲಿಗೆ ಮುಗಿಯಿತು.

ಗಟ್ಟಿಗೊಳಿಸಿದ ಗಾಜು

ಅಗ್ಗದ ಸ್ಮಾರ್ಟ್‌ವಾಚುಗಳಿಗೆ ಪ್ಲಾಸ್ಟಿಕು ಅಥವಾ ಸಾಮಾನ್ಯ ಗಾಜನ್ನು ಹಾಕುವರು. ನಡುಬೆಲೆಯವುಗಳಲ್ಲಿ ರಾಸಾಯನಿಕ ಕ್ರಮದಿಂದ ಗಟ್ಟಿಗೊಳಿಸಿದ ಗಾಜಿರುತ್ತದೆ. ಅಮೆರಿಕದ ಕಾರ್ನಿಂಗ್ ಸಂಸ್ಥೆಯ ‘ಗೊರಿಲ್ಲ ಗ್ಲಾಸ್’ ಇವುಗಳಲ್ಲಿ ಹೆಸರಾದುದು. ಗಾಜಿನ ತಗಡನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಮುಳುಗಿಸಿಡುವರು. ಗಾಜಿನ ಮೈಯಲ್ಲಿರುವ ಸೋಡಿಯಂ ಕಣಗಳು ಹೊರಬಿದ್ದು, ಅವುಗಳಿಗಿಂತ ದೊಡ್ಡವಾದ ಪೊಟ್ಯಾಸಿಯಂ ಕಣಗಳು ಆ ಜಾಗವನ್ನು ಹಿಡಿಯುತ್ತವೆ. ಮೂವರು ಕುಳಿತುಕೊಳ್ಳುವ ಲೋಕಲಿನ ಬೆಂಚಿನಲ್ಲಿ ನಾಲ್ಕನೆಯವನು ತೂರಿಕೊಂಡರೆ ಎಲ್ಲರೂ ಒತ್ತಿಕೊಂಡು ಬಿಗಿಯಾಗುವಂತೆ, ಗಾಜಿನ ಮೇಲ್ಮೈ ಬಿಗಿದುಕೊಳ್ಳುತ್ತದೆ. ಬಿರುಕು ಹಬ್ಬಬೇಕಾದರೆ ಮೊದಲು ಈ ಬಿಗುವನ್ನು ಗೆಲ್ಲಬೇಕು. ಹೀಗಾಗಿ ಈ ಗಾಜು ಬಿದ್ದರೂ ಬೇಗನೆ ಒಡೆಯದು; ಗೀರುಗಳೂ ಆಳಕ್ಕೆ ಇಳಿಯವು. ಆದರೂ ಅದು ಗಾಜೇ. ಮರಳಿನ ಮೆಟ್ಟಿಲನ್ನು ಅದು ದಾಟಿಲ್ಲ.

ಕುರುಂದದ ಕಥೆ

ಮರಳನ್ನು ಗೆಲ್ಲುವುದು ಸಫಾಯರ್, ಅಂದರೆ ನೀಲಮಣಿ. ಕೆಂಪು, ನೀಲ ಎಂಬ ರತ್ನಗಳೆರಡೂ ಕುರುಂದದ ರೂಪಗಳೇ. ಬೆರೆತ ಲೋಹದ ಅಂಶದಿಂದ ಬಣ್ಣ ಬೇರೆಯಾಗಿದೆಯಷ್ಟೇ. ಇಂಗ್ಲಿಷಿನವರು ಇದನ್ನು ಕರೆಯುವ ‘ಕೊರಂಡಮ್’ ಎಂಬ ಹೆಸರು ತಮಿಳಿನ ‘ಕುರುಂದಂ’ ಶಬ್ದದಿಂದ ಹೋದುದು; ಸಂಸ್ಕೃತದಲ್ಲಿ ಅದು ‘ಕುರುವಿಂದ’. ನಮ್ಮ ದೇಶದ ಸಾಣೆಯವರು ಅರಗಿನಲ್ಲಿ ಕುರುಂದದ ಹುಡಿಯನ್ನು ಕಲಸಿ ಸಾಣೆಚಕ್ರ ಮಾಡುತ್ತಿದ್ದರು. ಕರ್ನಾಟಕದ ನೆಲದಲ್ಲಿಯೂ ಈ ಖನಿಜವು ದೊರೆಯುತ್ತದೆ.

ಗಡಿಯಾರಕ್ಕೆ ಬಳಸುವುದು ನೆಲದಿಂದ ಅಗೆದ ರತ್ನವಲ್ಲ. ಫ್ರಾನ್ಸಿನ ಆಗಸ್ಟ್ ವರ್ನೋಯಿ ಎಂಬ ವಿಜ್ಞಾನಿಯು ಅಲ್ಯೂಮಿನಿಯಂ ಆಕ್ಸೈಡಿನ ಹುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಕೃತಕ ಕೆಂಪನ್ನು ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದನು. ‘ಜನತಾ’ ಗಡಿಯಾರದ 17 ಜ್ಯುವೆಲ್‌ಗಳು ಇಂಥ ಕೃತಕ ಕೆಂಪುಗಳೇ. ಚಕ್ರಗಳ ಮೊನೆ ಸವೆಯದಿರಲೆಂದು ಅವನ್ನು ಒಳಗೆ ಕೂಡಿಸುತ್ತಿದ್ದರು. ಅಂದು ಹೊರಗೆ ಪ್ಲಾಸ್ಟಿಕು, ಒಳಗೆ ಕುರುಂದ. ಇಂದು ಕುರುಂದವೇ ಹೊರಗೆ ಬಂದಿದೆ. 2015ರಲ್ಲಿ ಆಪಲ್ ಸಂಸ್ಥೆಯು ತನ್ನ ಮೊದಲ ಕೈಗಡಿಯಾರವನ್ನು ಮಾರಿದಾಗ ಅಲ್ಯೂಮಿನಿಯಂ ಕವಚದ್ದಕ್ಕೆ ಗಟ್ಟಿಗೊಳಿಸಿದ ಗಾಜನ್ನೂ, ಹೆಚ್ಚಿನ ಬೆಲೆಯ ಉಕ್ಕಿನ ಕವಚದ್ದಕ್ಕೆ ಸಫಾಯರನ್ನೂ ಕೂಡಿಸಿತು. 2022ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯೂ ತನ್ನ ಗ್ಯಾಲಕ್ಸಿ ವಾಚು 5ಕ್ಕೆ ಸಫಾಯರನ್ನು ತಂದಿತು.

ಬೆಲೆ ಹೆಚ್ಚಲು ಕಾರಣವಿಲ್ಲದಿಲ್ಲ. ಈ ಪದಾರ್ಥವು ಕರಗಬೇಕಾದರೆ 2000 ಡಿಗ್ರಿಯನ್ನು ಮೀರಿದ ಕಾವು ಬೇಕು. ದೊಡ್ಡ ಹರಳು ಬೆಳೆಯಲು ದಿನಗಳೇ ಹಿಡಿಯುತ್ತವೆ. ಬೆಳೆದದ್ದನ್ನು ಕೊಯ್ಯಲು, ನುಣುಪು ಮಾಡಲು ವಜ್ರದ ಹುಡಿಯೇ ಆಗಬೇಕು. ವಜ್ರದ ಮೊನೆಯನ್ನು ಒತ್ತಿ ಕಾಠಿಣ್ಯವನ್ನು ಅಳೆಯುವ ವಿಕರ್ಸ್ ಪರೀಕ್ಷೆಯಲ್ಲಿ ಗಾಜುಗಳಿಗೆ ಸುಮಾರು 500ರಿಂದ 700ರ ಅಂಕ ಬಂದರೆ, ಸಫಾಯರಿಗೆ 2000ದ ಆಸುಪಾಸಿನ ಅಂಕ ಬರುತ್ತದೆ. ಮರಳು, ಉಕ್ಕು, ಗ್ರಾನೈಟು ಯಾವುದೂ ಅದನ್ನು ಗೀಚಲಾರವು. ಗೀಚುವುದು ವಜ್ರ, ಸಾಣೆಚಕ್ರದ ಸಿಲಿಕಾನ್ ಕಾರ್ಬೈಡ್ ಮತ್ತು ಅದರ ಜಾತಿಯದೇ ಆದ ಕುರುಂದ.

ಗಟ್ಟಿಯಾದುದು ಒಡೆಯದೆ?

ಇಲ್ಲಿ ವಾಚಕರು ಲಕ್ಷ್ಯವಿಟ್ಟು ನೋಡಬೇಕಾದ ಒಂದು ಮುಖ್ಯ ಮಾತಿದೆ. ಗೀರು ಬೀಳದಿರುವುದು ಒಂದು ಗುಣ; ಪೆಟ್ಟನ್ನು ತಾಳುವುದು ಇನ್ನೊಂದು ಗುಣ. ಒಂದಿದ್ದಲ್ಲಿ ಮತ್ತೊಂದು ಇರಲೇಬೇಕೆಂದಿಲ್ಲ. ಪ್ಲಾಸ್ಟಿಕು ಬೇಗನೆ ಗೀರುಗೊಳ್ಳುವುದು. ಆದರೆ ಬಾಗಿ ಬಳುಕಿ ಪೆಟ್ಟನ್ನು ನುಂಗಿಕೊಳ್ಳುವುದು. ಸಫಾಯರು ಗೀರನ್ನು ಒಲ್ಲದು. ಆದರೆ ಪೆಡಸು, ಬಳುಕಲು ಅರಿಯದು. ಕಲ್ಲುನೆಲದ ಮೇಲೆ ಅಂಚು ತಾಗಿ ಬಿದ್ದರೆ ಅದು ಸೀಳಬಹುದು. ಗಟ್ಟಿಗೊಳಿಸಿದ ಗಾಜು ಇವೆರಡರ ನಡುವೆ ನಿಂತಿದೆ. ಸಫಾಯರು ಬೆಳಕನ್ನು ಗಾಜಿಗಿಂತ ಹೆಚ್ಚು ಪ್ರತಿಫಲಿಸುವುದರಿಂದ ಬಿಸಿಲಿನಲ್ಲಿ ಅಕ್ಷರಗಳು ಮಸುಕಾಗಿ ಕಾಣುವುದೂ ಉಂಟು. ಅದಕ್ಕಾಗಿ ಮೇಲೆ ಹಚ್ಚುವ ತೆಳ್ಳನೆಯ ಲೇಪವು ಸಫಾಯರಿನಷ್ಟು ಗಟ್ಟಿಯಾಗಿರಬೇಕೆಂದಿಲ್ಲ. ಕೆಲವೊಮ್ಮೆ ನಮಗೆ ಕಾಣುವ ಗೀರು ಆ ಲೇಪದ ಮೇಲಿನದು.

ಅಂಗಡಿಯ ಮಾತುಗಳು

ಥಾಣೆ, ಕಲ್ಯಾಣ ನಿಲ್ದಾಣಗಳ ಹೊರಗೆ ಮಾರುವ ರಕ್ಷಣಾ ಗಾಜಿನ ಪೊಟ್ಟಣಗಳ ಮೇಲೆ ‘9 ಎಚ್’ ಎಂದು ಅಚ್ಚಾಗಿರುವುದನ್ನು ಎಲ್ಲರೂ ನೋಡಿರುವರು. ಇದನ್ನು ಮೋಸನ ಪಟ್ಟಿಯ ಒಂಬತ್ತೆಂದು, ಅರ್ಥಾತ್ ಸಫಾಯರಿಗೆ ಸಮಾನವೆಂದು ನಂಬಿ ಹೆಚ್ಚು ಹಣ ತೆರುವವರಿದ್ದಾರೆ. ಆ ‘9 ಎಚ್’ ಬರೆಯುವ ಪೆನ್ಸಿಲಿನ ಗುರುತು! ಅತ್ಯಂತ ಗಟ್ಟಿ ಪೆನ್ಸಿಲಿನಿಂದ ಗೀಚಿದರೂ ಗುರುತು ಬೀಳಲಿಲ್ಲವೆಂಬುದಷ್ಟೇ ಅದರ ಅರ್ಥ. ಕಿಟಕಿಯ ಸಾಧಾರಣ ಗಾಜು ಸಹ ಆ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದು. ಅಂತೆಯೇ ‘ಮಿನರಲ್ ಕ್ರಿಸ್ಟಲ್’ ಎಂದರೆ ಗಾಜೇ ಹೊರತು ಹರಳಲ್ಲ. ‘ಸಫಾಯರ್ ಲೇಪಿತ’ ಎಂದರೆ ಗಾಜಿನ ಮೇಲೆ ತೆಳ್ಳನೆಯ ಪದರವೆಂದರ್ಥ, ಇಡೀ ಸಫಾಯರಲ್ಲ. ನೀರಿನ ಹನಿಯು ಮುತ್ತಿನಂತೆ ನಿಂತರೆ ಸಫಾಯರೆಂದು ತೋರಿಸಿಕೊಡುವ ಮಾರಾಟಗಾರರೂ ಇದ್ದಾರೆ. ಬೆರಳಿನ ಜಿಡ್ಡು ಹಿಡಿಯದಿರಲೆಂದು ಹಚ್ಚಿದ ಲೇಪವಿದ್ದರೆ ಯಾವ ಗಾಜಿನ ಮೇಲೂ ಹನಿ ಹಾಗೆಯೇ ನಿಲ್ಲುವುದು. ಆದುದರಿಂದ ಬಾಯಿಮಾತನ್ನು ನೆಚ್ಚದೆ, ತಯಾರಕರ ವಿವರಪಟ್ಟಿಯಲ್ಲಿ ಗಾಜಿನ ಹೆಸರು ಏನೆಂದು ಬರೆದಿದೆಯೋ ಅದನ್ನು ಓದಿ ಕೊಳ್ಳತಕ್ಕದ್ದು.

ಯಾರಿಗೆ ಯಾವುದು?

ಗುಮಾಸ್ತರಿಗೆ, ಗಲ್ಲೆಯಲ್ಲಿ ಕುಳಿತುಕೊಳ್ಳುವವರಿಗೆ ಗಟ್ಟಿಗೊಳಿಸಿದ ಗಾಜೇ ಯಥೇಷ್ಟ. ಅದರ ಮೇಲೆ ಅಗ್ಗದ ರಕ್ಷಣಾ ಹಾಳೆಯೊಂದನ್ನು ಅಂಟಿಸಿಕೊಂಡರೆ, ಗೀರು ಅದಕ್ಕೆ ಬೀಳುವುದು; ಕೆಟ್ಟಾಗ ಕಿತ್ತೆಸೆಯಬಹುದು. ‘9 ಎಚ್’ ಎಂಬುದಕ್ಕೆ ಹೆಚ್ಚು ಹಣ ಕೊಡುವ ಕಾರಣವಿಲ್ಲ. ಕಟ್ಟಡ ಕೆಲಸದ ಧೂಳಿನಲ್ಲಿ ತಿರುಗುವವರು ಒಂದೇ ಗಡಿಯಾರವನ್ನು ಬಹುಕಾಲ ಬಳಸುವುದಾದರೆ ಮಾತ್ರ ಸಫಾಯರಿನ ಬೆಲೆ ಸಾರ್ಥಕವಾಗುವುದು. ಆದರೆ ಗಡಿಯಾರದ ಬ್ಯಾಟರಿಯು ಕೆಲವೇ ವರ್ಷಗಳಲ್ಲಿ ಸೊರಗುವುದೆಂಬುದನ್ನೂ ನೆನಪಿಡಬೇಕು. ಯಂತ್ರ ಸತ್ತ ಮೇಲೆ ಗೀರಿಲ್ಲದ ಗಾಜಿನಿಂದ ಪ್ರಯೋಜನವೇನು?

ಅಡುಗೆಮನೆಯಲ್ಲಿ ದುಡಿಯುವ ಸಹೋದರರಿಗೆ ನಮ್ಮ ಸಲಹೆ ಬೇರೆಯೇ ಇದೆ. ಹಿಟ್ಟು ರುಬ್ಬುವಾಗ, ಪಾತ್ರೆ ತೊಳೆಯುವಾಗ ಗಡಿಯಾರವನ್ನು ಬಿಚ್ಚಿಡುವುದೇ ಸರಿ. ಗೀರಿನ ಪ್ರಶ್ನೆ ಅಲ್ಲಿ ಸಣ್ಣದು. ರುಬ್ಬುವ ಕಲ್ಲಿಗೆ ತಾಗಿ ಗಾಜಿನ ಒಂದು ಚೂರು ದೋಸೆಹಿಟ್ಟಿಗೆ ಬಿದ್ದರೆ ಅದು ಗಿರಾಕಿಯ ಹೊಟ್ಟೆಯ ಪ್ರಶ್ನೆ. ಹೋಟೆಲಿನ ಮಾನದ ಪ್ರಶ್ನೆ. ಮಾಲಿಕರೂ ಒಂದು ಮಾತು ಗಮನಿಸಬೇಕು. ಬಿಚ್ಚಿಡು ಎಂದು ಗದರಿಸಿದರಷ್ಟೇ ಸಾಲದು; ಬಿಚ್ಚಿಟ್ಟದ್ದು ಕಳವಾಗದಂತೆ ಬೀಗವಿರುವ ಒಂದು ಪುಟ್ಟ ಗೂಡನ್ನೂ ಒದಗಿಸಬೇಕು.

ಕೊನೆಯದಾಗಿ, ಖರ್ಚಿಲ್ಲದ ಒಂದು ಉಪಾಯ. ಗಡಿಯಾರದ ಮೇಲೆ ಧೂಳು ಕುಳಿತಾಗ ಒಣಬಟ್ಟೆಯಿಂದಲೋ ಅಂಗಿಯ ತೋಳಿನಿಂದಲೋ ಒರಸುವ ಅಭ್ಯಾಸ ಎಲ್ಲರಿಗೂ ಇದೆ. ಹಾಗೆ ಒರಸಿದರೆ ಮರಳಿನ ಕಣವನ್ನು ಗಾಜಿನ ಮೇಲೆ ನಾವೇ ಎಳೆದಾಡಿದಂತಾಯಿತು. ಮೊದಲು ಬಾಯಿಂದ ಊದಿ ಹುಡಿಯನ್ನು ಹಾರಿಸಬೇಕು; ಬಳಿಕ ಒದ್ದೆಬಟ್ಟೆಯನ್ನು ಒತ್ತದೆ ಆಡಿಸಬೇಕು; ಆಮೇಲೆ ಒಣಗಿಸಬೇಕು. ಪೇಸ್ಟಿನ ಹಳೆಯ ಚಿಕಿತ್ಸೆಯು ಪ್ಲಾಸ್ಟಿಕಿಗೆ ಮಾತ್ರ ಸಲ್ಲುವುದು. ಗಾಜಿಗೆ ಹಚ್ಚಿದರೆ ಗೀರು ಹೋಗದು, ಇದ್ದ ಲೇಪ ಮಾತ್ರ ಹೋಗುವುದು. ಸಫಾಯರನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಒರಸುವ ಮುನ್ನ ಊದುವ ಎಚ್ಚರಕ್ಕೆ ಒಂದು ಕಾಸೂ ಬೇಕಿಲ್ಲ.